ಲೆಕ್ಕದ ಪುಸ್ತಕ ಹಿಡಿದವರಿಗೂ ವೇದಿಕೆಯಲ್ಲಿ ಕುರ್ಚಿ ಬೇಕು

ಗಂಗಾವತಿಯಲ್ಲಿ ನಮ್ಮ ಯುವಕ ಸಂಘದ ವಾರ್ಷಿಕೋತ್ಸವ ಮುಗಿಸಿ ಈಗಷ್ಟೇ ಮನೆಗೆ ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ದೇಣಿಗೆ ಕೊಟ್ಟವರಿಗೆಲ್ಲ ಶಾಲು ಹೊದಿಸಿ, ಪೇಟ ತೊಡಿಸಿ ಸನ್ಮಾನಿಸಿದರು. ಸಂಘವನ್ನು ಇಷ್ಟು ವರ್ಷ ಉಳಿಸಿಕೊಂಡು ಬಂದ ಅಕ್ಕಿ ಗಿರಣಿಯ ಮ್ಯಾನೇಜರ್ ಸಾಹೇಬರು ಸಭಿಕರ ನಡುವೆ ಕುಳಿತಿದ್ದರು. ವಂದನಾರ್ಪಣೆಯಲ್ಲೂ ಅವರ ಹೆಸರು ಬರಲಿಲ್ಲ.

ನನ್ನ ತಂದೆ ಅದೇ ಗಿರಣಿಯಲ್ಲಿ ಹಮಾಲರಾಗಿದ್ದುದು ನಿಮಗೆಲ್ಲ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಸೋನಾ ಮಸೂರಿ ಕೊಯ್ಲಾಗಿ ಬರತೊಡಗಿದರೆ ಮ್ಯಾನೇಜರರಿಗೆ ಹಗಲು ರಾತ್ರಿ ಒಂದೇ. ಲಾರಿ ಕಾಟಾ ಏರಿದಾಗಿನಿಂದ ಭತ್ತದ ತೇವಾಂಶ ನೋಡಿ, ದರ ಸಾಲದೆಂದು ನೊಂದ ರೈತನಿಗೆ ಸಮಾಧಾನ ಹೇಳಿ, ಹಮಾಲರಿಗೆ ಕೂಲಿ ಬಟವಾಡೆ ಮಾಡಿ, ಅಕ್ಕಿ, ನುಚ್ಚು, ತೌಡುಗಳ ಲೆಕ್ಕ ಹೊಂದಿಸಿ ಸಾಹುಕಾರರಿಗೆ ಒಪ್ಪಿಸುವವರೆಗೆ ಎಲ್ಲವೂ ಅವರದೇ ಹೊಣೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ನೀರು ಹರಿದುಹೋದಾಗ, ಭತ್ತವೇ ಬಾರದಿದ್ದರೆ ಕೂಲಿಕಾರರ ಗತಿಯೇನೆಂಬ ಚಿಂತೆಯೂ ಅವರ ಮೇಲೆ ಬಿತ್ತು. ಅಂತಹ ದಿನಗಳಲ್ಲೂ ಸಂಜೆ ಬಿಡುವು ಮಾಡಿಕೊಂಡು ಹುಡುಗರೊಂದಿಗೆ ಸಂಘದ ಲೆಕ್ಕಕ್ಕೆ ಕೂರುತ್ತಿದ್ದರು.

ಆ ಲೆಕ್ಕವನ್ನು ಯಾರೂ ಹಗುರವಾಗಿ ಕಾಣಬಾರದು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಾಯಿತವಾದ ಸಂಘವು ಪ್ರತಿ ವರ್ಷ ವಾರ್ಷಿಕ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಜಮಾ-ಖರ್ಚನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಉತ್ಸಾಹದಲ್ಲಿ ಹುಟ್ಟಿದ ಎಷ್ಟೋ ಯುವಕ ಸಂಘಗಳು ಇದೊಂದನ್ನು ಮಾಡಲಾಗದೆ ಬರೀ ನಾಮಫಲಕವಾಗಿ ಉಳಿದಿವೆ. "ಸಂಘದ ರೊಕ್ಕ ಊರ ರೊಕ್ಕ ತಮ್ಮಾ, ರಸೀದಿ ಇಲ್ದ ಒಂದು ರೂಪಾಯಿನೂ ಬರಿಬ್ಯಾಡ" ಎಂದು ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸದಿದ್ದರೆ ನಾನು ಇಂದು ಈ ಲೆಕ್ಕಿಗನ ಕೆಲಸದಲ್ಲಿ ಇರುತ್ತಿರಲಿಲ್ಲ. ಅದಕ್ಕೇ ಇಷ್ಟು ನೋವಾಗಿದೆ.

ಹಣವಿಲ್ಲದೆ ಕಬಡ್ಡಿ ಮ್ಯಾಟ್ ಬರುತ್ತಿತ್ತೇ ಎಂದು ಗೆಳೆಯನೊಬ್ಬ ಕೇಳಿದ. ಬರುತ್ತಿರಲಿಲ್ಲ, ಒಪ್ಪಿದೆ. ಆದರೆ ಕೊಟ್ಟ ಹಣದ ಪೈಸೆ ಪೈಸೆಗೂ ಲೆಕ್ಕ ಸಿಕ್ಕಿದ್ದರಿಂದಲೇ ದಾನಿಗಳು ಎರಡನೆಯ ಸಲವೂ ಕೈಬಿಚ್ಚಿದರು. ಕಂಪನಿಗಳ ಮಾತು ಬೇರೆ: 2013ರ ಕಂಪನಿ ಕಾಯ್ದೆಯ ಪ್ರಕಾರ ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭ ಗಳಿಸುವ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಲೇಬೇಕು. ಸಂಬಳಕ್ಕೆ ದುಡಿಯುವ ಮ್ಯಾನೇಜರನೊಬ್ಬ ತನ್ನ ಭಾನುವಾರವನ್ನು ಊರ ಹುಡುಗರಿಗೆ ಕೊಡಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಅವರು ತಾವಾಗಿಯೇ ಕೊಟ್ಟರು.

ಮುಂದಿನ ವರ್ಷದಿಂದ ಸಂಘದ ಲೆಕ್ಕ ನೋಡುವುದು ತಮ್ಮಿಂದಾಗದು ಎಂದು ಅವರು ಇವತ್ತು ನನ್ನೊಡನೆ ಹೇಳಿದರು. ಬಿ.ಕಾಂ. ಓದಿದ ಹುಡುಗರು ಸಂಘದಲ್ಲಿ ಬೇಕಾದಷ್ಟು ಇದ್ದೀರಿ. ದಯವಿಟ್ಟು ಈ ವಾರವೇ ಇಬ್ಬರಾದರೂ ಅವರ ಮನೆಗೆ ಹೋಗಿ, ಪುಸ್ತಕಗಳನ್ನು ಬಿಡಿಸಿಟ್ಟುಕೊಂಡು, ಅವರ ಎದುರಿಗೇ ಕುಳಿತು ಕಲಿತುಕೊಳ್ಳಿ.