ಪಾಪ ಇರುವುದು ಗುಳ್ಳೆಯಲ್ಲಿ

ನಮ್ಮ ಬೀದಿಯ ಅಂಗಡಿಯ ಫ್ರಿಜ್ಜಿನ ಮುಂದೆ ಈಚೀಚೆಗೆ ನಾನು ಭಕ್ತಿಯಿಂದ ನಿಲ್ಲುತ್ತೇನೆ. ಗಾಜಿನ ಬಾಗಿಲಿನ ಹಿಂದೆ ಸ್ವರ್ಗ, ನರಕ ಎರಡನ್ನೂ ಜೋಡಿಸಿಟ್ಟಿದ್ದಾರೆ. ಮೇಲಿನ ಸಾಲಿನಲ್ಲಿ ಕೋಲಾ, ಕಿತ್ತಳೆ ಬಣ್ಣದ್ದು, ಹಸಿರು ಬಾಟಲಿಯ ನಿಂಬೆಯದು. ಇವು ಪಾಪಿಗಳು, ಶೇ 40 ಜಿಎಸ್‌ಟಿ. ಕೆಳಗಿನ ಸಾಲಿನಲ್ಲಿ ಮಾವು, ಸೇಬು, ಲಿಚಿಯ ಚಿತ್ರ ಹೊತ್ತ ಪೊಟ್ಟಣಗಳು. ಇವು ಪುಣ್ಯವಂತರು, ಶೇ 5. ಎರಡೂ ಸಾಲುಗಳವರ ಹೊಟ್ಟೆಯಲ್ಲಿರುವುದು ಸಕ್ಕರೆ ನೀರೇ. ಕೋಲಾದಲ್ಲಿ 100 ಮಿಲಿಲೀಟರಿಗೆ ಸುಮಾರು 10.6 ಗ್ರಾಂ. ಮಾವಿನ ಪೊಟ್ಟಣವನ್ನು ತಿರುಗಿಸಿ, ಕನ್ನಡಕ ಸರಿಪಡಿಸಿಕೊಂಡು, ಇರುವೆ ಸಾಲಿನಂಥ ಅಕ್ಷರಗಳನ್ನು ಓದಿದರೆ ಹಲವದರಲ್ಲಿ ಅಷ್ಟೇ ಇರುತ್ತದೆ, ಕೆಲವದರಲ್ಲಿ ಇನ್ನೂ ಹೆಚ್ಚು.

ಹಾಗಾದರೆ ಪಾಪ ಎಲ್ಲಿದೆ? ಗುಳ್ಳೆಯಲ್ಲಿದೆ.

2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ಹೊಸ ತೆರಿಗೆ ಜಾರಿಗೆ ಬಂದಾಗ ಸಿಹಿ ಪಾನೀಯಗಳಿಗೆ ಕೊನೆಗೂ ಬಿಸಿ ಮುಟ್ಟಿಸಿದರು ಎಂದು ನಾನೂ ಹಿಗ್ಗಿದ್ದೆ. ಗುಟ್ಕಾ, ಸಿಗರೇಟುಗಳ ಪಂಕ್ತಿಯಲ್ಲೇ ಕೋಲಾಕ್ಕೂ ಎಲೆ ಹಾಕಿದ್ದರು. ಆಮೇಲೆ ಲೆಕ್ಕ ಕೂಡಿಸಿದೆ. ಮೊದಲು ಇದ್ದದ್ದು ಶೇ 28 ತೆರಿಗೆ, ಅದರ ಮೇಲೆ ಶೇ 12 ಸೆಸ್. ಒಟ್ಟು 40. ಈಗ ನೇರವಾಗಿ 40. ಅಪರಾಧಿಗೆ ಶಿಕ್ಷೆ ಹೆಚ್ಚಾಗಲಿಲ್ಲ, ಜೈಲಿನ ಬೋರ್ಡಿಗೆ ಹೊಸ ಬಣ್ಣ ಬಳಿದರು. ಅದೇ ದಿನ ಗುಳ್ಳೆಯಿಲ್ಲದ ಹಣ್ಣಿನ ಪೇಯಗಳು ಶೇ 12ರಿಂದ 5ಕ್ಕೆ ಇಳಿದವು. ಹಬ್ಬದ ಉಡುಗೊರೆ.

ಈ ಶಾಸ್ತ್ರದ ಸೂಕ್ಷ್ಮ ಒಂದೆರಡಲ್ಲ. ಬಣ್ಣ, ಸಿಹಿ, ಘಮ ಯಾವುದೂ ಇಲ್ಲದ ಬರೀ ಸೋಡಾಕ್ಕೆ ಶೇ 5 ಮಾತ್ರ. ಅಂದರೆ ಒಂಟಿ ಗುಳ್ಳೆ ಸನ್ಯಾಸಿ. ಮಾವಿನ ತಿರುಳಿನ ಜೊತೆಗಿರುವ ಸಕ್ಕರೆ ಸದ್ಗೃಹಸ್ಥ. ಗುಳ್ಳೆಗೂ ಸಕ್ಕರೆಗೂ ಸಂಬಂಧ ಬೆಳೆದರೆ ಮಾತ್ರ ಊರಿನ ಪಂಚಾಯಿತಿ ಸೇರುತ್ತದೆ. ಸಕ್ಕರೆಯೇ ಇಲ್ಲದ 'ಶುಗರ್ ಫ್ರೀ' ಕೋಲಾ ಬಂದು, 'ಸ್ವಾಮಿ, ನನ್ನಲ್ಲಿ ಒಂದು ಕಾಳು ಸಕ್ಕರೆಯೂ ಇಲ್ಲ' ಎಂದು ಅತ್ತರೂ ಅದಕ್ಕೂ 40. ಸಕ್ಕರೆ ಹೆಚ್ಚಿದ್ದರೆ ಹೆಚ್ಚು, ಕಡಿಮೆಯಿದ್ದರೆ ಕಡಿಮೆ ಎಂಬ ಸರಳ ತೆರಿಗೆಯನ್ನು ಬ್ರಿಟನ್ 2018ರಲ್ಲೇ ತಂದಿತು. ಕಂಪನಿಗಳು ಅಲ್ಲಿ ತಾವಾಗಿಯೇ ಸಕ್ಕರೆ ಇಳಿಸಿದವು. ನಮ್ಮಲ್ಲಿ ಇಳಿಸಿದವನಿಗೂ ಏರಿಸಿದವನಿಗೂ ಒಂದೇ ಬರೆ. ಸಮಾನತೆಯೆಂದರೆ ಇದು.

ಅಂದಹಾಗೆ, ಕೋಲಾಕ್ಕೂ ನಲವತ್ತಕ್ಕೂ ಹಳೆಯ ಋಣಾನುಬಂಧ. 1977ರಲ್ಲಿ ಜನತಾ ಸರ್ಕಾರ ಬಂದಾಗ ವಿದೇಶಿ ವಿನಿಮಯ ಕಾಯ್ದೆಯನ್ನು ಮುಂದಿಟ್ಟು, ಇಲ್ಲಿನ ಕಂಪನಿಯಲ್ಲಿ ನಿಮ್ಮ ಪಾಲನ್ನು ಶೇ 40ಕ್ಕೆ ಇಳಿಸಿ, ತಯಾರಿಕೆಯ ಸೂತ್ರವನ್ನೂ ಕೊಡಿ ಎಂದು ಕೋಕಾ ಕೋಲಾವನ್ನು ಅಡ್ಡಗಟ್ಟಿ ಕೇಳಿದವರು ಕೈಗಾರಿಕಾ ಸಚಿವ ಜಾರ್ಜ್ ಫರ್ನಾಂಡಿಸ್, ನಮ್ಮ ಮಂಗಳೂರಿನವರು. ರಹಸ್ಯ ಸೂತ್ರ ಕೊಡುವುದಿಲ್ಲ ಎಂದು ಕಂಪನಿ ಗಂಟುಮೂಟೆ ಕಟ್ಟಿತು. ಸರಿ, ದೇಶಕ್ಕೆ ಬಾಯಾರಿಕೆಯಾಯಿತು. ಸರ್ಕಾರ ಏನು ಮಾಡಬೇಕು? ಮಜ್ಜಿಗೆ, ಪಾನಕ, ಎಳನೀರು ಎಂದೆಲ್ಲ ನೀವು ಹೇಳುತ್ತೀರಿ, ಏಕೆಂದರೆ ನಿಮಗೆ ಆಡಳಿತ ಗೊತ್ತಿಲ್ಲ. ಸರ್ಕಾರವೇ ಕೋಲಾ ಮಾಡಿತು. ಸೂತ್ರ ಸಿದ್ಧವಾದದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ, ಚೆಲುವಾಂಬ ಮ್ಯಾನ್ಷನ್ ಎಂಬ ರಾಜಮನೆತನದ ಬಂಗಲೆಯ ಆವರಣದಲ್ಲಿ. ತಯಾರಿಸಿ ಮಾರಿದ್ದು ಸರ್ಕಾರದ್ದೇ ಬ್ರೆಡ್ ಕಂಪನಿ. ಹೆಸರು 'ಡಬಲ್ ಸೆವೆನ್', ಅಂದರೆ 77. ಸರ್ಕಾರ ಬಿದ್ದಿತು, 77 ಮೂಲೆ ಸೇರಿತು, 1993ರಲ್ಲಿ ಹಳೆಯ ಅಳಿಯ ಮತ್ತೆ ಬಂದ. ಆಹಾರ ವಿಜ್ಞಾನಕ್ಕೆ ಕಟ್ಟಿದ ಸಂಸ್ಥೆಯ ಬುದ್ಧಿಯನ್ನು ಕರಿನೀರಿನ ನಕಲಿಗೆ ಸುರಿದ ಆ ಹುಮ್ಮಸ್ಸನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಸ್ವಲ್ಪ ಹೆಮ್ಮೆಯೂ ಆಗುತ್ತದೆ, ಸುಳ್ಳೇಕೆ ಹೇಳಲಿ.

ಬರೀ ಸರ್ಕಾರವನ್ನು ಬೈದು ಪ್ರಯೋಜನವಿಲ್ಲ. ಕಾಫಿಗೆ ಎರಡನೆಯ ಚಮಚ ಸಕ್ಕರೆ ಬಿದ್ದರೆ ನಮ್ಮ ಸೋದರಮಾವ ಲೋಟವನ್ನು ದೂರ ತಳ್ಳುತ್ತಾರೆ. ಮದುವೆ ಮನೆಯಲ್ಲಿ ಹೋಳಿಗೆಯನ್ನು ಅರ್ಧ ಮುರಿದು ಪಕ್ಕದವರ ಎಲೆಗೆ ಹಾಕಿ 'ನನಗೆ ಶುಗರ್ ಉಂಟಪ್ಪ' ಎಂದು ಬಡಿಸುವವರಿಗೆ ಕೇಳುವಂತೆ ಹೇಳುತ್ತಾರೆ. ಊಟ ಮುಗಿದ ಮೇಲೆ 'ಜೀರ್ಣವಾಗಲಿ' ಎಂದು ಕಾಲು ಲೀಟರ್ ಕೋಲಾ ಇಳಿಸುತ್ತಾರೆ. ಅದರಲ್ಲಿ ಸುಮಾರು 26.5 ಗ್ರಾಂ ಸಕ್ಕರೆ, ಅಂದರೆ ಆರು ಚಮಚಕ್ಕಿಂತ ತುಸು ಹೆಚ್ಚು. ದಿನಕ್ಕೆ 25 ಗ್ರಾಂ ಆಸುಪಾಸಿನಲ್ಲಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾವ ಒಂದೇ ತೇಗಿನಲ್ಲಿ ಅದನ್ನು ದಾಟುತ್ತಾರೆ. ಆರು ಚಮಚ ಹಾಕಿದ ಕಾಫಿಯನ್ನು ಅವರು ಮುಖಕ್ಕೆ ಎರಚಿಯಾರು. ಆದರೆ ಕೋಲಾದ ಆಮ್ಲ ಮತ್ತು ತಂಪು ಸೇರಿ ಸಿಹಿಗೆ ಮುಸುಕು ಹಾಕುತ್ತವೆ, ನಾಲಿಗೆ ಮೋಸಹೋಗುತ್ತದೆ. ಹೋಳಿಗೆಯಾದರೆ ಎರಡಕ್ಕೆ ಹೊಟ್ಟೆ 'ಸಾಕು' ಎನ್ನುತ್ತದೆ. ಕುಡಿದ ಸಕ್ಕರೆಯನ್ನು ಹೊಟ್ಟೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಕೃತ್ತು ತೆಗೆದುಕೊಳ್ಳುತ್ತದೆ. ಹೆಚ್ಚಾದ ಫ್ರಕ್ಟೋಸನ್ನು ಕೊಬ್ಬಾಗಿ ತನ್ನಲ್ಲೇ ಪೇರಿಸಿಟ್ಟುಕೊಳ್ಳುತ್ತದೆ. ಜನ್ಮದಲ್ಲಿ ಮದ್ಯ ಮುಟ್ಟದ ಮಾವನ ಸ್ಕ್ಯಾನಿಂಗ್ ವರದಿಯಲ್ಲಿ 'ಫ್ಯಾಟಿ ಲಿವರ್' ಎಂದು ಬಂದಾಗ ಅತ್ತೆ ಮೂರು ದಿನ ಅವರನ್ನು ಸಂಶಯದಿಂದ ನೋಡಿದರು.

ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ಅವರೆಲ್ಲರಿಗೂ ಒಬ್ಬೊಬ್ಬ ಸೋದರಮಾವನ ಮುಖ ಹಚ್ಚಿ ನಕ್ಕುಬಿಡಬಹುದು. ಆದರೆ ಒಂದು ವಿಷಯದಲ್ಲಿ ನನಗೆ ನಗಲು ಆಗುವುದಿಲ್ಲ.

ಔಷಧ ಅಂಗಡಿಯ ಕೌಂಟರಿನ ಮೇಲೆ ವರ್ಷಗಟ್ಟಲೆ ಕುಳಿತಿದ್ದವಲ್ಲ, ಭೇದಿಯಾದವರಿಗೆ ಕುಡಿಸುವ ಉಪ್ಪು ಸಕ್ಕರೆಯ ನೀರಿನ ಹೆಸರಾದ ಒಆರ್‌ಎಸ್ ಎಂಬ ಮೂರಕ್ಷರವನ್ನು ಹೆಸರಿನೊಳಗೆ ಸೇರಿಸಿಕೊಂಡ ಬಣ್ಣದ ಪೊಟ್ಟಣಗಳು? ಸೇಬಿನ ರುಚಿ, ಕಿತ್ತಳೆ ರುಚಿ. ನಿಜವಾದ ಒಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರಬೇಕು, ಜೊತೆಗೆ ಅಳೆದಷ್ಟೇ ಉಪ್ಪು. ಈ ಪೊಟ್ಟಣಗಳಲ್ಲಿ ಸಕ್ಕರೆ ಅದರ ಹಲವು ಪಟ್ಟು. ಭೇದಿಯಾಗಿ ಸೊರಗಿದ ಮಗುವಿಗೆ ಅಷ್ಟು ಸಕ್ಕರೆ ಕುಡಿಸಿದರೆ ಅದು ಮೈಯ ನೀರನ್ನು ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ, ಸಲೈನ್ ಮುಗಿದುಹೋದಾಗ, ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕಾಲರಾ ರೋಗಿಗಳನ್ನು ಉಳಿಸಿದವರು ಕೋಲ್ಕತ್ತದ ಡಾ. ದಿಲೀಪ್ ಮಹಲನಬಿಸ್. ಆ ಮೂರಕ್ಷರದ ಮೇಲೆ ತಾಯಂದಿರಿಗೆ ನಂಬಿಕೆ ಬಂದದ್ದು ಅಂಥವರ ದುಡಿಮೆಯಿಂದ. ಆ ನಂಬಿಕೆಯನ್ನೇ ಕದ್ದು ಜ್ಯೂಸ್ ಮಾರಿದರು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಎಂಟು ವರ್ಷ ಇದರ ವಿರುದ್ಧ ಒಬ್ಬರೇ ಕೂಗಿಕೊಂಡರು. 2022ರ ಏಪ್ರಿಲ್‌ನಲ್ಲಿ ಆ ಹೆಸರು ಬೇಡ ಎಂದ ಆಹಾರ ಸುರಕ್ಷತಾ ಪ್ರಾಧಿಕಾರ, ಜುಲೈನಲ್ಲಿ 'ಇದು ಒಆರ್‌ಎಸ್ ಅಲ್ಲ' ಎಂದು ಪೊಟ್ಟಣದ ಮೇಲೆ ಬರೆದರೆ ಸಾಕು ಎಂದಿತು. ಒಆರ್‌ಎಸ್ ಎಂಬ ಹೆಸರಿನ ಪೊಟ್ಟಣದ ಮೇಲೆ, ಇದು ಒಆರ್‌ಎಸ್ ಅಲ್ಲ! ರಾತ್ರಿ ಎರಡು ಗಂಟೆಗೆ ವಾಂತಿ ಮಾಡಿಕೊಳ್ಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದ ತಾಯಿ ಅದನ್ನು ಓದಬೇಕಿತ್ತು, ಅದೂ ಇಂಗ್ಲಿಷಿನಲ್ಲಿ. ಆ ಅನುಮತಿ ರದ್ದಾದದ್ದು 2025ರ ಅಕ್ಟೋಬರ್‌ನಲ್ಲಿ. ಕಂಪನಿಗಳು ತಕ್ಷಣ ದೆಹಲಿ ಹೈಕೋರ್ಟಿಗೆ ಓಡಿದವು. ಯಾರೂ ಕ್ಷಮೆ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ನನಗೆ ಸಾಕಾಗಿದೆ.

ಮೊನ್ನೆ ಮೊಮ್ಮಗಳಿಗೆ ಹೊಟ್ಟೆ ಕೆಟ್ಟಿತ್ತೆಂದು ಔಷಧ ಅಂಗಡಿಗೆ ಹೋಗಿ ಒಆರ್‌ಎಸ್ ಪುಡಿ ಕೇಳಿದೆ. ಹುಡುಗ ಬಗ್ಗಿ, ತೀರಾ ಕೆಳಗಿನ ಡ್ರಾಯರಿನಿಂದ ಒಂದು ಪೊಟ್ಟಣ ತೆಗೆದು ಪ್ಯಾಂಟಿಗೆ ಒರೆಸಿ ಕೊಟ್ಟ. ಹಣ ಎಣಿಸುತ್ತಿದ್ದಾಗ ಅಯ್ಯೋ ಪಾಪ ಎನ್ನುವಂತೆ ನೋಡಿ, 'ಅಂಕಲ್, ಇದು ಉಪ್ಪುಪ್ಪಾಗಿರುತ್ತದೆ, ಮಗು ಕುಡಿಯುವುದಿಲ್ಲ' ಎಂದ. ಪಕ್ಕದಲ್ಲೇ ಇದ್ದ ಸೇಬಿನ ಚಿತ್ರದ ಪೊಟ್ಟಣವನ್ನು ನನ್ನ ಕಡೆಗೆ ಸರಿಸಿದ. ಅದೇ ಪೊಟ್ಟಣ, ಅದೇ ಬಣ್ಣ, ಅದೇ ಸೇಬು. ಹೆಸರು ಮಾತ್ರ ಬೇರೆ.