ಆಲದ ಬೋನ್ಸಾಯ್‌ಗೆ ಜನವರಿ ಬೇಡ
ಎಲ್ಲಾ ಬೋನ್ಸಾಯ್‌ಗೂ (ಕುಂಡದಲ್ಲಿ ಕುಬ್ಜವಾಗಿ ಬೆಳೆಸುವ ಮರ) ಜನವರಿಯಲ್ಲೇ ಕುಂಡ ಬದಲಿಸಿ ಅಂತ ಬರೆದಿದ್ದೀರಿ. ಚಳಿನಾಡಿನ ಜೂನಿಪರ್ ಗಿಡಕ್ಕೆ ಸರಿ, ಆದರೆ ಆಲ, ಅರಳಿ, ಅತ್ತಿ ಗಿಡಗಳಿಗೆ ಅದು ಒಗ್ಗುವುದಿಲ್ಲ. ಬೆಂಗಳೂರಿನ ಚಳಿಯಲ್ಲಿ ಅವು ಬೇರು ಬಿಡುವುದು ನಿಧಾನ. ಮೇ ಕೊನೆಗೋ ಜೂನ್‌ನಲ್ಲೋ ನಾಲ್ಕು ಮಳೆ ಬಿದ್ದ ಮೇಲೆ ಮಾಡಿ, ಬೇಗ ಚಿಗುರುತ್ತವೆ. ಹಳೇ ಗಿಡವಾದರೆ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಬೇರು ಕತ್ತರಿಸಬೇಡಿ. ಕುಂಡದೊಳಗೆ ಸುತ್ತಿಕೊಂಡ ದಪ್ಪ ಬೇರು ತೆಗೆದು, ಕೂದಲಿನಂಥ ಸಣ್ಣ ಬೇರು ಉಳಿಸಿ. ಆಮೇಲೆ ಗಿಡ ಅಲ್ಲಾಡದ ಹಾಗೆ ತಂತಿಯಿಂದ ಕುಂಡಕ್ಕೆ ಬಿಗಿಯಬೇಕು. ಇದನ್ನು ಯಾಕೋ ಯಾರೂ ಹೇಳುವುದೇ ಇಲ್ಲ!

ಕತ್ತರಿಸಿದ ಕೊಂಬೆಗಳನ್ನು ಸುಮ್ನೆ ಎಸೆಯಬೇಡಿ. ಹೆಬ್ಬೆರಳು ದಪ್ಪದ ಆಲದ ಕೊಂಬೆಯೂ ಬೇರು ಬಿಡುತ್ತದೆ. ಮೊದಲು ಕತ್ತರಿಸಿದ ಜಾಗದಿಂದ ಹಾಲು ಸೋರುವುದು ನಿಲ್ಲಲಿ. ತುದಿಯ ಒಂದೆರಡು ಎಲೆ ಬಿಟ್ಟು ಉಳಿದದ್ದು ಕಿತ್ತು, ಮರಳು, ಇಟ್ಟಿಗೆ ಚೂರು ಬೆರೆಸಿ ನೆಟ್ಟು ನೆರಳಲ್ಲಿಡಿ.