ಸ್ಪಷ್ಟನೆ: ಗಲ್ಲಾಪೆಟ್ಟಿಗೆಯ ಗಳಿಕೆ ಅಷ್ಟೂ ನಿರ್ಮಾಪಕರದ್ದಲ್ಲ

‘ವ್ಯವಹಾರ ಬಿಟ್ಟು ಸ್ವತಂತ್ರ ನಿರ್ಮಾಪಕರಾಗಿ; ಟಿಕೆಟ್ ಹಣದಲ್ಲಿ ಖರ್ಚು ಕಳೆದು ಉಳಿದದ್ದೆಲ್ಲ ನಿಮ್ಮದೇ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಉದಾಹರಣೆಗೆ 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಎಂಬ ಅಮೆರಿಕದ ಕಡಿಮೆ ಬಜೆಟ್ಟಿನ ಭಯಾನಕ ಚಿತ್ರವನ್ನು ಕೊಟ್ಟಿದ್ದಾರೆ. ಈ ಲೆಕ್ಕ ತಪ್ಪು.

ಆ ಚಿತ್ರ ಜಗತ್ತಿನಾದ್ಯಂತ ಸುಮಾರು 24.8 ಕೋಟಿ ಡಾಲರ್ ಗಳಿಸಿದ್ದು ನಿಜ. ಆದರೆ ಬಿಡುಗಡೆಗೆ ಮುಂಚೆಯೇ, ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ, ಆರ್ಟಿಸನ್ ಎಂಬ ವಿತರಣಾ ಸಂಸ್ಥೆ ಅದನ್ನು ಸುಮಾರು 11 ಲಕ್ಷ ಡಾಲರಿಗೆ ಕೊಂಡಿತ್ತು. ಪ್ರಚಾರಕ್ಕೆ ದುಡ್ಡು ಸುರಿದದ್ದೂ ಆ ಸಂಸ್ಥೆಯೇ. ಆಮೇಲಿನ ಗಳಿಕೆ ನೇರವಾಗಿ ನಿರ್ಮಾಪಕರ ಖಾತೆಗೆ ಬಂದದ್ದಲ್ಲ.

ಸಾಮಾನ್ಯವಾಗಿ ಟಿಕೆಟ್ ಹಣದಲ್ಲಿ ಮೊದಲು ತೆರಿಗೆ ಹೋಗುತ್ತದೆ, ಆಮೇಲೆ ಚಿತ್ರಮಂದಿರದ ಪಾಲು. ಉಳಿದದ್ದರಲ್ಲಿ ವಿತರಕರು ತಮ್ಮ ಕಮಿಷನ್ನು ಹಿಡಿದುಕೊಳ್ಳುತ್ತಾರೆ, ಪ್ರಚಾರದ ಮತ್ತು ಚಿತ್ರಮಂದಿರಗಳಿಗೆ ಕಳಿಸುವ ಚಿತ್ರದ ಪ್ರತಿಗಳ ವೆಚ್ಚವನ್ನೂ ಮುರಿದುಕೊಳ್ಳುತ್ತಾರೆ. ಇದೆಲ್ಲ ಮುಗಿದ ಮೇಲೂ ಸಾಲ ಕೊಟ್ಟವರು, ಹೂಡಿಕೆದಾರರು ಸಾಲಿನಲ್ಲಿ ಮುಂದಿರುತ್ತಾರೆ; ನಿರ್ಮಾಪಕರ ಲಾಭಾಂಶ ಕೊನೆಗೆ. ಯಾರ ಸರದಿ ಯಾವಾಗ ಎಂಬುದನ್ನು ಒಪ್ಪಂದ ನಿರ್ಧರಿಸುತ್ತದೆ. ವ್ಯವಹಾರದಿಂದ ಬಂದವರಿಗೆ ಇದೇನು ಹೊಸದಲ್ಲ: ವಹಿವಾಟು ಬೇರೆ, ಲಾಭ ಬೇರೆ. ಸಿನಿಮಾ ಅಂದಕೂಡಲೇ ಅದೇಕೋ ಮರೆತುಹೋಗುತ್ತದೆ!

‘ನಿರ್ಮಾಪಕರ ಕೆಲಸ ಹಣ ಹಾಕುವುದಷ್ಟೇ’ ಎಂಬ ಸಾಲೂ ಆ ಸಂದೇಶದಲ್ಲಿದೆ. ಅದೂ ತಪ್ಪು. ಎಷ್ಟೋ ಸ್ವತಂತ್ರ ನಿರ್ಮಾಪಕರು ಸ್ವಂತ ಹಣ ಹಾಕುವುದೇ ಇಲ್ಲ. ಕಥೆಯ ಹಕ್ಕು ಪಡೆಯುವುದು, ಬಂಡವಾಳ ಹೊಂದಿಸುವುದು, ಖರ್ಚು ಬಜೆಟ್ ಮೀರದಂತೆ ನೋಡಿಕೊಳ್ಳುವುದು, ಚಿತ್ರವನ್ನು ಮಾರುವುದು ಅವರ ಕೆಲಸ.

ಈ ಸಂದೇಶ ನಿಮಗೆ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.